ಪಟ್ಟೆ ಮೂಡದ ಹೆಬ್ಬಾತು

“ರೆಕ್ಕೆ ತೋರಿಸಿ ಮೇಡಂ, ಆಮೇಲೆ ಮಾತಾಡೋಣ.”

ವಾಟ್ಸಾಪಿನಲ್ಲಿ ಬಂದ ಈ ಒಂದು ಸಾಲು ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನೇನೂ ಕಾಯುತ್ತಿಲ್ಲ. ನಮ್ಮ ಮನೆಯವರು ಮಾತ್ರ ಆ ವಿಷಯ ಬಂದಾಗಲೆಲ್ಲ “ಬಿಪಿ ಮಾತ್ರೆ ತಗೊಂಡ್ಯಾ?” ಎಂದು ಕೇಳುತ್ತಾರೆ. ಮಾತ್ರೆಗೂ ಹೆಬ್ಬಾತಿಗೂ ಏನು ಸಂಬಂಧ ಎಂದು ನಾನು ಅವರ ಮೇಲೂ ರೇಗುತ್ತೇನೆ.

ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಮನೆಯವರು ಹೊರಗೆ ಓಡಾಡುತ್ತಾರೆ. ಪಾಸ್‌ಪೋರ್ಟ್ ಸೈಜು, ಆಲ್ಬಮ್ಮು, ಫ್ರೇಮು ಹಾಕುವುದು ನನ್ನ ಪಾಲಿನ ಕೆಲಸ. ಸ್ಟುಡಿಯೋದಲ್ಲಿ ಗೂಟಕ್ಕೆ ಒಂದು ಕಪ್ಪು ಕೋಟು ನೇತುಹಾಕಿದ್ದೇವೆ. ಫೋಟೋ ತೆಗೆಸಿಕೊಳ್ಳಲು ಬಂದ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಅದನ್ನೇ ಹಾಕಿಕೊಂಡು ಕೂರುತ್ತಾರೆ. ಸಣಕಲನಿಗೂ ಅದೇ ಕೋಟು, ದಡೂತಿಗೂ ಅದೇ ಕೋಟು. ದಿನದ ಕೊನೆಗೆ ಪ್ರಿಂಟು ಕತ್ತರಿಸಿ ಕವರಿಗೆ ಹಾಕುವಾಗ ಅಣ್ಣ ಯಾರು ತಮ್ಮ ಯಾರು, ದೊಡ್ಡಪ್ಪನ ಮಗ ಯಾರು ಚಿಕ್ಕಪ್ಪನ ಮಗ ಯಾರು ಎಂದು ಬಟ್ಟೆ ನೋಡಿ ಹೇಳುವಂತಿಲ್ಲ. ಕಿವಿಯ ಹಾಲೆ, ಹುಬ್ಬಿನ ತಿರುವು, ಗಲ್ಲದ ಗುಳಿ ನೋಡಬೇಕು. ಇಪ್ಪತ್ತು ವರ್ಷಕ್ಕೂ ಮೇಲೆ ಇದನ್ನೇ ಮಾಡಿದ ಕಣ್ಣು ನನ್ನದು. ಹಕ್ಕಿಗಳನ್ನು ನೋಡುವಾಗಲೂ ಅದೇ ಕಣ್ಣಿನಿಂದ ನೋಡುತ್ತೇನೆ.

ಹಕ್ಕಿಯ ಹುಚ್ಚು ಹತ್ತಿದ್ದು ಒಂದು ಲೆನ್ಸಿನಿಂದ. ಮಂಟಪದ ಮೇಲೆ ನೂಕುನುಗ್ಗಲು, ದೂರದಿಂದಲೇ ತೆಗೆಯಬಹುದು ಎಂದು ಮನೆಯವರು ಯಾರೋ ಬಳಸಿದ್ದ ಉದ್ದದ ಲೆನ್ಸ್ ಒಂದನ್ನು ತಂದರು. ಒಂದೇ ಮದುವೆಯಲ್ಲಿ ಭುಜ ಹಿಡಿದುಕೊಂಡಿತು. “ಇದು ಒನಕೆ, ಲೆನ್ಸಲ್ಲ” ಎಂದು ಬೀರುವಿನ ಮೇಲೆ ಇಟ್ಟುಬಿಟ್ಟರು. ಒನಕೆ ಹಿಡಿದು ಅಭ್ಯಾಸ ಇರುವವಳು ನಾನೇ ತಾನೇ ಎಂದು ಎತ್ತಿಕೊಂಡು ಬುಕ್ಕಾಂಬುಧಿಗೆ ಹೋದೆ. ಅಲ್ಲಿ ನಮ್ಮ ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ ಇದ್ದಾನೆ. ಅವನ ಹೊಲ ಕೆರೆಯ ಅಂಚಿಗೆ ಹತ್ತಿಕೊಂಡೇ ಇದೆ. ಚಳಿಗಾಲ ಬಂತೆಂದರೆ ಕೆರೆಯ ತುಂಬ ಹೆಬ್ಬಾತುಗಳು.

ಹೆಬ್ಬಾತು ಎಂದರೆ ಮನೆಯಲ್ಲಿ ಸಾಕುವ ಬಾತಿನ ದೊಡ್ಡಣ್ಣ. ಹಿಮಾಲಯದ ಆಚೆಯಿಂದ ಬರುತ್ತವೆ. ನಮ್ಮ ಕಡೆ ಬರುವುದು ಪಟ್ಟೆತಲೆ ಹೆಬ್ಬಾತು. ತಲೆ ಬೆಳ್ಳಗೆ, ಹಿಂಭಾಗದಲ್ಲಿ ಕಾಡಿಗೆಯ ಬೆರಳಿನಿಂದ ಎಳೆದಂತೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ಕೆರೆಯ ತೆಳುನೀರಿನಲ್ಲಿ ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತವೆ. ಹೊತ್ತು ಮುಳುಗುವಾಗ ಎದ್ದು ಹೊಲಗಳಿಗೆ ಮೇಯಲು ಹೋಗುತ್ತವೆ. ಎಳೆ ಕಡಲೆ ಗಿಡ ಎಂದರೆ ಅವಕ್ಕೆ ಪ್ರಾಣ. ಚಿಕ್ಕಪ್ಪ ಹಿಂಗಾರಿಗೆ ಹಾಕುವುದು ಕಡಲೆಯನ್ನೇ.

ಹಾಗಾಗಿ ಅವನದೂ ಅವುಗಳದೂ ಪ್ರತಿ ವರ್ಷದ ಜಗಳ. ಹಳೇ ಎಣ್ಣೆ ಡಬ್ಬ ಒಂದನ್ನು ಕೊರಳಿಗೆ ಹಗ್ಗ ಕಟ್ಟಿ ನೇತುಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಸಂಜೆ ಬದುವಿನ ಮೇಲೆ ನಿಲ್ಲುತ್ತಾನೆ. ಅವು ಇಳಿಯುತ್ತಿದ್ದಂತೆ ಡಬ್ಬ ಬಡಿಯುತ್ತಾ ಬಯ್ಗುಳ ಶುರು. “ಬಂದ್ರು ನೋಡು ಬಿಟ್ಟಿ ಊಟಕ್ಕೆ! ನಿಮ್ಮೂರಾಗೆ ಹೊಲ ಇಲ್ವೇನ್ರೋ? ಏಳ್ರೋ ಕಡ್ಲೆ ಕಳ್ರಾ!” ಅವು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತವೆ. ಅಲ್ಲಿ ಇನ್ನೊಂದು ಡಬ್ಬ. ಹೀಗೆ ನಾಲ್ಕು ಹೊಲ ಸುತ್ತಿ ಎಲ್ಲರ ಮನೆಯದ್ದೂ ಸ್ವಲ್ಪ ಸ್ವಲ್ಪ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹೆಬ್ಬಾತಿನ ಜಾತಿ, ಹೆಸರು ಎಲ್ಲ ಕಟ್ಟಿಕೊಂಡು ಚಿಕ್ಕಪ್ಪನಿಗೆ ಏನೂ ಆಗಬೇಕಾಗಿಲ್ಲ. ಅವನಿಗೆ ಎಲ್ಲವೂ ಕಡಲೆ ಕಳ್ಳರೇ.

ಆದರೆ ಆ ಡಬ್ಬ ಹೊಲದಲ್ಲಿ ಮಾತ್ರ ಸದ್ದು ಮಾಡುತ್ತದೆ. ಕೆರೆಯ ಹತ್ತಿರ ಬಡಿಯುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಡಂಗುರ ಹೊಡೆಸಿಲ್ಲ. ನೀರಿಗೆ ಬಂದದ್ದನ್ನು ಎಬ್ಬಿಸಬಾರದು, ಅಷ್ಟೇ. ನಿಮ್ಮ ಜೋಳ ಮೇಯ್ದ ಎಮ್ಮೆಯೇ ಆಗಲಿ, ಅದು ಕೆರೆಗೆ ಬಾಯಿ ಹಾಕಿತೆಂದರೆ ಕುಡಿದು ಮೇಲೆ ಬರುವ ತನಕ ಕೋಲು ಎತ್ತುವಂತಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ದಂಡೆಯ ಮೇಲೆ ನಿಂತು, ಹಕ್ಕಿ ಹಾರಲಿ ಎಂದು ಎರಡು ಸಲ ಚಪ್ಪಾಳೆ ತಟ್ಟಿದ್ದರು. ಹೊಸ ಅಳಿಯ ಎಂದು ಕೂಡ ನೋಡಲಿಲ್ಲ ಚಿಕ್ಕಪ್ಪ. “ಅಳಿಯಂದ್ರೇ, ನೀವು ಮಲಗಿದ್ದಾಗ ನಾನ್ ಬಂದು ಕಿವಿತಾವ ಚಪ್ಪಾಳೆ ತಟ್ಟಿದ್ರೆ ಹೆಂಗಾಗ್ತದೆ?” ಎಂದು ಕೇಳಿಬಿಟ್ಟ. ಇವರು ಇವತ್ತಿಗೂ ಕೆರೆಯ ಹತ್ತಿರ ಕೆಮ್ಮಬೇಕಾದರೂ ಆ ಕಡೆ ಈ ಕಡೆ ನೋಡುತ್ತಾರೆ.

ಹಾರುವ ಹೆಬ್ಬಾತಿನ ಫೋಟೋ ತೆಗೆಯುವುದಕ್ಕೆ ಎಬ್ಬಿಸುವ ಅಗತ್ಯವೂ ಇಲ್ಲ. ತಾವಾಗೇ ಏಳುತ್ತವೆ, ಕಾಯಬೇಕು. ಸೂರ್ಯ ಬೆನ್ನ ಹಿಂದೆ ಇರುವಂತೆ ಕೂತುಕೊಂಡು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಬೇಕು. ಅವು ಗಾಳಿಗೆ ಎದುರಾಗಿಯೇ ಏಳುವುದು. ಏಳುವ ಮೊದಲು ಒಂದು ಕತ್ತು ಎತ್ತುತ್ತದೆ, ಅದನ್ನು ನೋಡಿ ಇನ್ನೊಂದು. ಹೊರಡೋಣವೇ ಎಂದು ಮನೆ ಹೆಂಗಸರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಕೇಳಿದ ಹಾಗೆ ತಲೆ ಕೊಡವುತ್ತಾ ಕೂಗಾಡುತ್ತವೆ. ಆ ಗಲಾಟೆ ಜೋರಾಯಿತೆಂದರೆ ಲೆನ್ಸ್ ಎತ್ತಿಕೊಳ್ಳಬೇಕು. ಕಣ್ಣಿಗೆ ಗುರಿ ಇಟ್ಟು, ಹಕ್ಕಿಯ ವೇಗಕ್ಕೆ ಸೊಂಟದಿಂದ ತಿರುಗುತ್ತಾ ಗುಂಡಿ ಒತ್ತಬೇಕು. ಕೈ ತಿರುಗಿಸಿದರೆ ಸಾಲದು, ಸೊಂಟ ತಿರುಗಬೇಕು. ಸಂಜೆಯ ಬೆಳಕಿನಲ್ಲಿ ಹತ್ತಕ್ಕೆ ಒಂಬತ್ತು ಮಸುಕಾಗುತ್ತವೆ. ಆಗಲಿ. ಆ ಒಂದಕ್ಕಾಗಿ ನಾನು ಎಷ್ಟೋ ಸಂಜೆ ಸೊಳ್ಳೆ ಕಚ್ಚಿಸಿಕೊಂಡು ಕೂತಿದ್ದೇನೆ.

ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಫೋಟೋ. ಹಿಂಡಿನ ಒಂದು ಮೂಲೆಯಲ್ಲಿ ಎರಡು ದೊಡ್ಡ ಹೆಬ್ಬಾತುಗಳ ನಡುವೆ ಯಾವಾಗಲೂ ನಿಲ್ಲುತ್ತಿದ್ದ ಮರಿಯದು. ಮರಿ ಎಂದರೆ ಪುಟ್ಟದೇನಲ್ಲ, ಆ ವರ್ಷವೇ ಹುಟ್ಟಿ ಅಪ್ಪ ಅಮ್ಮನ ಜೊತೆ ಹಿಮಾಲಯ ದಾಟಿ ಬಂದದ್ದು. ಮೈಯೆಲ್ಲ ದೊಡ್ಡವರ ಹಾಗೇ. ತಲೆಯ ಮೇಲೆ ಮಾತ್ರ ಪಟ್ಟೆಗಳು ಇನ್ನೂ ಮೂಡಿರಲಿಲ್ಲ. ಮುಖ ಬಿಳಿ, ನೆತ್ತಿಯಿಂದ ಕತ್ತಿನ ಹಿಂದಿನವರೆಗೆ ಮಾಸಲು ಕಂದು. ಎಸ್ಸೆಸ್ಸೆಲ್ಸಿ ಹುಡುಗರು ಹಾಲ್ ಟಿಕೆಟ್ಟಿಗೆಂದು ನಮ್ಮ ಕೋಟು ಹಾಕಿಕೊಂಡು ಕೂತಾಗ ಹೀಗೇ ಕಾಣುತ್ತಾರೆ. ಕೋಟು ದೊಡ್ಡವರದು, ಮುಖ ಇನ್ನೂ ತಯಾರಾಗಿರುವುದಿಲ್ಲ. ಅದು ಅಪ್ಪ ಅಮ್ಮನ ನಡುವೆ ಹಾರುವುದನ್ನು ತೆಗೆಯಬೇಕು ಎಂದು ನನಗೆ ಆಸೆ. ನಿದ್ದೆ ಮಾಡುತ್ತಿದ್ದಾಗ ತೆಗೆದ ಒಂದು ಫೋಟೋ ಮಾತ್ರ ನನ್ನ ಹತ್ತಿರ ಇತ್ತು.

ಇನ್ನು ಆ ವಾಟ್ಸಾಪ್ ಗುಂಪು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹಕ್ಕಿ ಫೋಟೋದವರು ಸೇರಿ ಮಾಡಿಕೊಂಡದ್ದು. ಅದರ ಹಿರೇತನ ಕಡೂರಿನ ಒಬ್ಬ ಕಾಲೇಜು ಮೇಷ್ಟ್ರದು. ಹಕ್ಕಿಯ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಅಕ್ಕಪಕ್ಕದವರಿಗಿಂತ ದೊಡ್ಡ ಲೆನ್ಸ್ ಇದ್ದದ್ದು ತರೀಕೆರೆಯ ಔಷಧಿ ಅಂಗಡಿಯವರ ಹತ್ತಿರ. ಒಳ್ಳೆಯ ಮನುಷ್ಯರು ಎಂದೇ ತಿಳಿದಿದ್ದೆ. ಬುಕ್ಕಾಂಬುಧಿಗೆ ಮೊದಲ ಸಲ ಬಂದಾಗ ನಾನೇ ಅವರಿಬ್ಬರನ್ನು ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದ್ದೆ. ಚಿಕ್ಕಮ್ಮ ಕೋಡುಬಳೆ ಕೊಟ್ಟಿದ್ದಳು. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದರು.

ಔಷಧಿ ಅಂಗಡಿಯವರು ಒಂದು ದಿನ ಕೆರೆಗೆ ಬಂದು ಅದೇ ಮರಿಯ ಫೋಟೋ ತೆಗೆದು ಗುಂಪಿಗೆ ಹಾಕಿದರು. ನೀರಿನಲ್ಲಿ ನಿಂತದ್ದು, ತಲೆ ಅರ್ಧ ಗರಿಯೊಳಗೆ. ಕೆಳಗೆ “ಪಟ್ಟೆ ಇಲ್ಲ! ಬೂದು ಹೆಬ್ಬಾತು ಇರಬಹುದಾ ಸರ್?” ಎಂದು ಬರೆದಿದ್ದರು. ಬೂದು ಹೆಬ್ಬಾತು ಬೇರೆಯೇ ಜಾತಿ. ಉತ್ತರದಲ್ಲಿ ಬೇಕಾದಷ್ಟು ಇವೆ, ಇಷ್ಟು ದಕ್ಷಿಣಕ್ಕೆ ಬರುವುದು ಅಪರೂಪ. ಮೇಷ್ಟ್ರು ಅದನ್ನು ನೋಡಿದ್ದೇ ತಡ, ಗುಂಪಿನಲ್ಲಿ ಹಬ್ಬ. ಮೂರೂ ತಾಲ್ಲೂಕಿಗೆ ಮೊದಲ ದಾಖಲೆ ಆಗುತ್ತದೆ ಎಂದು ಒಬ್ಬರು, ಪೇಪರಿನಲ್ಲಿ ಹಾಕಿಸೋಣ ಎಂದು ಇನ್ನೊಬ್ಬರು. ಕೈಮುಗಿಯುವ ಚಿತ್ರ, ಪಟಾಕಿಯ ಚಿತ್ರ, ಏನೇನೋ.

ನಾನು ಬರೆದೆ: ಅದು ಪಟ್ಟೆತಲೆಯ ಮರಿ. ಬೂದು ಹೆಬ್ಬಾತಿಗೆ ಮುಖ ಕೂಡ ಕಂದು ಬೂದಿಯೇ ಇರುತ್ತದೆ, ಇದರ ಕೆನ್ನೆ ಬೆಳ್ಳಗಿದೆ ನೋಡಿ. ಅದರದು ದಪ್ಪ ಕೊಕ್ಕು, ಬುಡದಿಂದಲೇ ಭಾರ. ಇದರದು ಸಣ್ಣದು. ಅದರ ಮೈ ಕಂದು, ಇದರದು ತಿಳಿ ಬೂದಿ. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿದ್ದಾರೆ, ಚಳಿಗಾಲ ಶುರುವಾದಾಗಿನಿಂದ ನಾನು ನೋಡುತ್ತಿದ್ದೇನೆ.

ಮೇಷ್ಟ್ರು ಉತ್ತರಿಸಿದರು: “ಪಕ್ಕದಲ್ಲಿ ನಿಂತ ಮಾತ್ರಕ್ಕೆ ಸಂಬಂಧಿಕರಾಗಲ್ಲ ಮೇಡಂ. ಇದು ಸ್ಟುಡಿಯೋ ಅಲ್ಲ. ಹಾರುವಾಗ ರೆಕ್ಕೆಯ ಮುಂಭಾಗ ನೋಡಬೇಕು. ರೆಕ್ಕೆ ತೋರಿಸಿ ಮೇಡಂ, ಆಮೇಲೆ ಮಾತಾಡೋಣ.”

ಇದು ಸ್ಟುಡಿಯೋ ಅಲ್ಲವಂತೆ! ಅವರು ಹೇಳಿದ ಗುರುತು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಬೂದು ಹೆಬ್ಬಾತು ಹಾರುವಾಗ ಕಂದು ಮೈಗೆ ರೆಕ್ಕೆಯ ಮುಂಭಾಗ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಪಟ್ಟೆತಲೆಗೆ ಮೈಯೂ ರೆಕ್ಕೆಯೂ ಒಂದೇ ತಿಳಿ ಬೂದಿ, ರೆಕ್ಕೆಯ ಹಿಂದಿನ ಅಂಚು ಕಪ್ಪು. ಆದರೆ ಮುಖ ನೋಡಿದರೆ ಗೊತ್ತಾಗುವ ಮಗುವಿಗೆ ಬಟ್ಟೆ ಬಿಚ್ಚಿ ಮಚ್ಚೆ ತೋರಿಸು ಎಂದ ಹಾಗಾಯಿತು ನನಗೆ. ಆದರೂ ತಾಳ್ಮೆಯಿಂದಲೇ ಬರೆದೆ. ಸಂಜೆ ಬನ್ನಿ, ತಾವಾಗೇ ಏಳುತ್ತವೆ, ಎಲ್ಲರೂ ನೋಡೋಣ ಎಂದೆ. “ಸಂಜೆ ಬೆಳಕು ಸಾಲಲ್ಲ ಮೇಡಂ, ಫೋಟೋ ಮರಳು ಎರಚಿದ ಹಾಗೆ ಬರುತ್ತೆ” ಎಂದರು ಔಷಧಿ ಅಂಗಡಿಯವರು. ಹಾಗಾದರೆ ಬೆಳಿಗ್ಗೆ ಹೊಲದಿಂದ ವಾಪಸು ಬರುವಾಗ ತೆಗೆಯಿರಿ, ಹಗಲಲ್ಲಿ ಮಾತ್ರ ಎಬ್ಬಿಸಬೇಡಿ, ಅವು ಮಲಗುವ ಹೊತ್ತು ಎಂದು ಬರೆದೆ. ಹೆಬ್ಬೆರಳು ಎತ್ತಿದ ಚಿತ್ರಗಳು ಸಾಲಾಗಿ ಬಂದವು. ಆ ಹೆಬ್ಬೆರಳನ್ನು ನಂಬಿದೆ ನಾನು.

ಆ ಭಾನುವಾರ ಬೀರೂರಿನಲ್ಲಿ ನಮಗೊಂದು ಮದುವೆ ಇತ್ತು. ಹೆಣ್ಣಿನ ಕಡೆಯವರ ಫೋಟೋಗೆ ನಾನೂ ಹೋಗಬೇಕಾಯಿತು. ಊಟದ ಎಲೆಯ ಮುಂದೆ ಕೂತಾಗ ಫೋನ್ ನೋಡಿದರೆ ಗುಂಪಿನಲ್ಲಿ “ಕಾರ್ಯಾಚರಣೆ ಯಶಸ್ವಿಯಾಗಿ ನಡೀತಿದೆ” ಎಂದಿತ್ತು. ಜೊತೆಗೆ ಕೆರೆಯ ಮೇಲೆ ಚದುರಿ ಹಾರುತ್ತಿರುವ ಹಿಂಡಿನ ಫೋಟೋ. ದಂಡೆಯ ಮರಗಳ ನೆರಳು ಬುಡದಲ್ಲೇ ಇತ್ತು. ಅಂದರೆ ನಡುಮಧ್ಯಾಹ್ನ. ಪಾಯಸ ಬರುವ ಮೊದಲೇ ಎದ್ದೆ. ಮನೆಯವರು “ಕೆಲಸ ಇನ್ನೂ ಇದೆಯಲ್ಲೇ” ಎಂದರು. ನನ್ನ ಮುಖ ನೋಡಿ ಕ್ಯಾಮೆರಾ ಬ್ಯಾಗನ್ನು ತಮ್ಮ ಕಡೆಗೆ ಎಳೆದುಕೊಂಡರು. ಸಿಕ್ಕ ರೈಲು ಹತ್ತಿ ಅಜ್ಜಂಪುರಕ್ಕೆ ಬಂದು, ಸ್ಕೂಟರ್ ತೆಗೆದುಕೊಂಡು, ಮದುವೆಗೆಂದು ಉಟ್ಟ ರೇಷ್ಮೆ ಸೀರೆಯಲ್ಲೇ ಬುಕ್ಕಾಂಬುಧಿಯ ದಾರಿ ಹಿಡಿದೆ.

ಕೆರೆ ಏರಿಯ ಈಚೆಗೆ ಇರುವಾಗಲೇ ಸದ್ದು ಕೇಳಿಸಿತು. ಡಬ್ಬದ ಸದ್ದು. ಯಾರದೋ ಹೊಲದಲ್ಲಿ ಇರಬೇಕು ಎಂದುಕೊಂಡೆ. ಆದರೆ ಈ ಹೊತ್ತಿನಲ್ಲಿ ಹೊಲದಲ್ಲಿ ಹೆಬ್ಬಾತು ಎಲ್ಲಿಂದ ಬರಬೇಕು? ಏರಿ ಹತ್ತಿ ನೋಡಿದೆ. ಕೆರೆಯ ಅಂಚಿನಲ್ಲಿ, ಮೊಣಕಾಲಿನವರೆಗೆ ಪಂಚೆ ಎತ್ತಿಕಟ್ಟಿಕೊಂಡು ನೀರಿನಲ್ಲಿ ನಿಂತು ಡಬ್ಬ ಬಡಿಯುತ್ತಿದ್ದವನು ನನ್ನ ಚಿಕ್ಕಪ್ಪ. ಏರಿಯ ಮೇಲೆ ಸಾಲಾಗಿ ಗಿಡದ ಬಣ್ಣದ ಅಂಗಿ, ಟೋಪಿ, ಉದ್ದುದ್ದ ಲೆನ್ಸುಗಳು. ಮೇಷ್ಟ್ರು ಕೈ ಬೀಸುತ್ತಾ “ಇನ್ನೊಂದ್ಸಲ ಯಜಮಾನ್ರೇ, ಆ ಕಡೆಯಿಂದ!” ಎಂದು ಕೂಗುತ್ತಿದ್ದರು.

ಹೆಬ್ಬಾತುಗಳು ಎದ್ದು ಒಂದು ಸುತ್ತು ಹಾಕಿ ಕೆರೆಯ ಆಚೆ ಬದಿಗೆ ಇಳಿಯಲು ನೋಡುತ್ತಿದ್ದವು. ಇಳಿಯುವ ಮೊದಲೇ ಡಬ್ಬ. ಮತ್ತೆ ಮೇಲೆ. ಆ ಮರಿ ಸುಸ್ತಾಗಿ ಹಿಂದೆ ಬೀಳುತ್ತಿತ್ತು. ದೊಡ್ಡವೆರಡೂ ಹಿಂಡು ಬಿಟ್ಟು ಹಿಂದಕ್ಕೆ ತಿರುಗಿ ಅದರ ಅಕ್ಕಪಕ್ಕ ಸೇರಿಕೊಳ್ಳುತ್ತಿದ್ದವು. ಅದು ಹಿಂದೆ ಬಿದ್ದು ಕೆಳಗೆ ಬಂದಾಗಲೆಲ್ಲ ಏರಿಯ ಮೇಲಿನ ಕ್ಯಾಮೆರಾಗಳು ಮಳೆ ಹೊಯ್ದ ಹಾಗೆ ಸದ್ದು ಮಾಡುತ್ತಿದ್ದವು. ಹತ್ತಿರ ಬರುತ್ತಿದೆಯಲ್ಲ, ಅದಕ್ಕೆ.

ನಾನು ಏನೇನು ಬೈದೆನೋ ಎಲ್ಲ ನೆನಪಿಲ್ಲ. ನೆನಪಿರುವುದನ್ನು ಇಲ್ಲಿ ಬರೆಯುವಂತಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅಂಗಡಿ ಇಟ್ಟವಳು ನಾನು, ಬಾಯಿಗೆ ಬಡತನ ಇಲ್ಲ. “ನಿಮ್ಮ ಮಕ್ಕಳು ಮಲಗಿದ್ದಾಗ ಹೋಗಿ ಬಡೀರಿ ಡಬ್ಬಾನ! ಏಳ್ತಾವೆ, ರೆಕ್ಕೆ ಇದ್ರೆ ಕಾಣ್ತದೆ!” ಎಂದದ್ದು ಮಾತ್ರ ನೆನಪಿದೆ. ಔಷಧಿ ಅಂಗಡಿಯವರು ಕಣ್ಣು ಕೆಳಗೆ ಹಾಕಿ ಲೆನ್ಸಿನ ಮುಚ್ಚಳ ಹುಡುಕತೊಡಗಿದರು. ಮೇಷ್ಟ್ರು ಮಾತ್ರ ತರಗತಿಯಲ್ಲಿ ಗಲಾಟೆ ಮಾಡಿದವಳನ್ನು ನೋಡುವ ಹಾಗೆ ನೋಡಿದರು.

“ಕೋಪ ಮಾಡ್ಕೋಬೇಡಿ ಮೇಡಂ. ನಾವೇನೂ ಮಾಡಿಲ್ಲ. ನಿಮ್ಮ ಚಿಕ್ಕಪ್ಪನವರೇ ಸಹಾಯ ಮಾಡಿದ್ರು. ಒಂದು ಮಾತು ಕೇಳಿದ್ವಿ, ಪಾಪ, ಬೆಳಿಗ್ಗೆಯಿಂದ ನಮ್ಮ ಜೊತೆನೇ ಇದಾರೆ.”

ಬೆಳಿಗ್ಗೆಯಿಂದ! ಸಿಟ್ಟು ಈಗ ಚಿಕ್ಕಪ್ಪನ ಕಡೆ ತಿರುಗಿತು. ಅವನು ನೀರಿನಿಂದ ಮೇಲೆ ಬರುತ್ತಿದ್ದ. ಮುಖವೆಲ್ಲ ಬೆವರು, ಕೊರಳಲ್ಲಿ ಡಬ್ಬದ ಹಗ್ಗ ಕೆಂಪಗೆ ಗೀರು ಎಳೆದಿತ್ತು. ನನ್ನನ್ನು ನೋಡಿ ನಗುತ್ತಲೇ ಬಂದ. ಆ ನಗು ನೋಡಿ ನನ್ನ ಮೈ ಇನ್ನೂ ಉರಿಯಿತು.

“ಚಪ್ಪಾಳೆ ತಟ್ಟಿದ್ದಕ್ಕೆ ಅಳಿಯನ ಮಾನ ಕಳ್ದೋನು ನೀನು. ಇವತ್ತು ಕೆರೆಯೊಳಗೆ ನಿಂತ್ಕಂಡು ಡಬ್ಬ ಬಡೀತಿದ್ದೀಯಲ್ಲ ಚಿಕ್ಕಪ್ಪ, ನಿಂಗೇನಾಯ್ತು? ಯಾರ ಕೆರೆ ಅನ್ಕಂಡೆ ಇದು?”

ಅವನ ನಗು ನಿಂತಿತು. ನನ್ನನ್ನು ನೋಡಿದ, ಏರಿಯ ಮೇಲಿನವರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

“ನಿನ್ ಕಡೆಯೋರು ಅಲ್ವೇನವ್ವ ಇವ್ರು?” ಎಂದ. “ನೀನೇ ಮನೆಗ್ ಕರ್ಕಂಡ್ ಬಂದಿದ್ದೆ, ಕಾಫಿ ಕೊಡಿಸ್ದೆ. ಇವತ್ ಬಂದು ಮೇಡಂ ಹೇಳಿದ್ ಹಕ್ಕೀನೇ ನೋಡಕ್ ಬಂದಿದ್ದೀವಿ, ಅದು ಹಾರ್ಬೇಕು ಅಂದ್ರು. ನಂಗೂ ಬ್ಯಾಡ ಅನ್ನಿಸ್ತು ಕಣವ್ವ. ನೀರಾಗಿರೋದನ್ನ ಹೆಂಗೆ ಎಬ್ಸೋದು ಅಂತ. ಆದ್ರೆ ನಿನ್ ಕಡೆಯೋರು. ಇಲ್ಲ ಅಂದ್ರೆ ನಾಳೆ ನಿಂಗೆ ಮಾತು ಬತ್ತದೆ. ಮನೆ ಮಗಳ ಮಾನ ಹೋಗ್ಬಾರ್ದಲ್ಲ ಅಂತ ಇಳ್ದೆ.”

ನಮ್ಮ ಕಡೆ ಹೀಗೇ. ಹೆಣ್ಣುಮಗಳು ಕರೆದುಕೊಂಡು ಬಂದ ನೆಂಟರು ಕೇಳಿದರೆ ಇಲ್ಲ ಎನ್ನುವುದಿಲ್ಲ. ಕೋಳಿ ಇಲ್ಲದಿದ್ದರೆ ಪಕ್ಕದ ಮನೆಯಿಂದಲಾದರೂ ತಂದು ಕೊಯ್ಯುತ್ತಾರೆ. ಅವಳು ಗಂಡನ ಮನೆಯಲ್ಲಿ ತಲೆ ಎತ್ತಿಕೊಂಡು ಓಡಾಡಬೇಕು, ಅದಕ್ಕೆ. ನನ್ನ ತಲೆ ಎತ್ತುವುದಕ್ಕಾಗಿ ಅರವತ್ತು ದಾಟಿದ ಮನುಷ್ಯ ಬೆಳಿಗ್ಗೆಯಿಂದ ಕೆರೆ ಸುತ್ತಿದ್ದ. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ. ಹುಟ್ಟಿದಾಗಿನಿಂದ ಮಾಡದ್ದನ್ನು ಮಾಡಿದ್ದ. ಇವರು ನನ್ನ ಹೆಸರು ಹೇಳಿ ಅವನ ಕೈಯಲ್ಲಿ ಮಾಡಿಸಿದ್ದರು. ಮಧ್ಯಾಹ್ನದ ಊಟಕ್ಕೂ ಅವನೇ ಕರೆದಿದ್ದನಂತೆ. ಬೆಳಕು ಚೆನ್ನಾಗಿದೆ, ಆಮೇಲೆ ಬರುತ್ತೇವೆ ಎಂದಿದ್ದರಂತೆ.

ಅವನ ಮೇಲೆ ರೇಗುವಂತಿಲ್ಲ. ಇವರ ಮೇಲೆ ಎಷ್ಟು ರೇಗಿದರೂ ಸಾಲದು. ಅಷ್ಟರಲ್ಲಿ ಯಾರೂ ಡಬ್ಬ ಬಡಿಯದೇ ಹಿಂಡು ಇನ್ನೊಂದು ಸುತ್ತು ಹಾಕಿತು. ಈ ಸಲ ಕೆಳಗೆ ಇಳಿಯಲಿಲ್ಲ. ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ, ಕಡೂರಿನ ಕಡೆಗೆ ಉದ್ದದ ಗೆರೆಯಾಗಿ ಹೊರಟುಬಿಟ್ಟಿತು. ಗೆರೆಯ ಕೊನೆಯಲ್ಲಿ ಮೂರು ಹಕ್ಕಿಗಳು ಸ್ವಲ್ಪ ಬೇರೆಯಾಗಿ, ಸ್ವಲ್ಪ ಕೆಳಗೆ ಹಾರುತ್ತಿದ್ದವು. ನನ್ನ ಕ್ಯಾಮೆರಾ ಮದುವೆಯ ಬ್ಯಾಗಿನಲ್ಲಿ, ಬೀರೂರಿನಲ್ಲಿ ಇತ್ತು. ಇದ್ದಿದ್ದರೂ ಎತ್ತುತ್ತಿರಲಿಲ್ಲ.

ಅವತ್ತು ರಾತ್ರಿಯ ಒಳಗೆ ತೀರ್ಪು ಬಂತು. ಔಷಧಿ ಅಂಗಡಿಯವರ ಫೋಟೋ. ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಅಪ್ಪ ಅಮ್ಮನ ನಡುವೆ ಮರಿ, ರೆಕ್ಕೆ ಪೂರ್ತಿ ಬಿಚ್ಚಿದೆ, ಮೈಯೂ ರೆಕ್ಕೆಯೂ ಒಂದೇ ತಿಳಿ ಬೂದಿ, ಹಿಂದಿನ ಅಂಚು ಕಪ್ಪು. ಇಡೀ ಚಳಿಗಾಲ ನಾನು ಕಾಯುತ್ತಿದ್ದ ಫೋಟೋ ಅದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಳಗೆ ಮೇಷ್ಟ್ರು “ಪಟ್ಟೆತಲೆಯ ಮರಿಯೇ. ಮೇಡಂ ಹೇಳಿದ್ದೇ ಸರಿ. ಅಭಿನಂದನೆಗಳು!” ಎಂದು ಬರೆದಿದ್ದರು. ಪಕ್ಕದಲ್ಲಿ ಚಪ್ಪಾಳೆ ತಟ್ಟುವ ಕೈಗಳ ಚಿತ್ರ. ಅದರ ಕೆಳಗೆ ಇನ್ನೊಬ್ಬರು “ಛೇ, ಮಾಮೂಲಿ ಹಕ್ಕಿನೇನಾ” ಎಂದಿದ್ದರು. ಮರುಕ್ಷಣದಲ್ಲೇ ಲಕ್ಕವಳ್ಳಿ ಕಡೆ ಯಾವುದೋ ಗೂಬೆ ಕಂಡಿದೆ ಎಂದು ಮಾತು ಬೇರೆ ಕಡೆ ಹೊರಳಿತು.

ನಾನು ಆ ಫೋಟೋವನ್ನು ದೊಡ್ಡದು ಮಾಡಿ ಮುಖ ನೋಡಿದೆ. ನಾನು ಮೊದಲು ನೋಡುವುದೇ ಮುಖ. ಮರಿಯ ಕೊಕ್ಕು ತೆರೆದಿತ್ತು, ನಾಲಿಗೆ ಕಾಣುತ್ತಿತ್ತು, ಕತ್ತು ಹಾರುವ ಹೆಬ್ಬಾತಿನ ಹಾಗೆ ನೀಳವಾಗಿರದೆ ಡೊಂಕಾಗಿತ್ತು. ಇಂಥ ಮುಖ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತರೆ ನಾನು ಫೋಟೋ ತೆಗೆಯುವುದಿಲ್ಲ, ಮೊದಲು ನೀರು ಕುಡಿ ಎನ್ನುತ್ತೇನೆ. ಗುಂಪಿನಿಂದ ಹೊರಗೆ ಬಂದೆ. ಹೊರಗೆ ಹೋದರು ಎಂದು ತೋರಿಸುತ್ತದಲ್ಲ, ಆ ಸಣ್ಣ ಅಕ್ಷರದ ಸಾಲನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ.

ಹೆಬ್ಬಾತುಗಳು ಆ ವರ್ಷ ಮತ್ತೆ ಬುಕ್ಕಾಂಬುಧಿಗೆ ಬರಲಿಲ್ಲ. ಕಡೂರಿನ ಹತ್ತಿರದ ಕೆರೆಯೊಂದರಲ್ಲಿ ಹಿಂಡು ಇದೆ ಎಂದು ಕೇಳಿ ಬಸ್ಸು ಹತ್ತಿ ಹೋಗಿ ನೋಡಿದೆ. ಇದ್ದವು. ನಮ್ಮವೋ ಬೇರೆಯವೋ ಹೇಗೆ ಹೇಳುವುದು? ಪಟ್ಟೆತಲೆಗೂ ಬೂದು ಹೆಬ್ಬಾತಿಗೂ ವ್ಯತ್ಯಾಸ ಹೇಳಬಲ್ಲೆ. ನಮ್ಮ ಕೆರೆಯಿಂದ ಓಡಿಸಿಕೊಂಡು ಬಂದದ್ದು ಯಾವುದು, ಇಲ್ಲಿಗೇ ಬಂದದ್ದು ಯಾವುದು ಎಂದು ಯಾವ ಲೆನ್ಸೂ ತೋರಿಸುವುದಿಲ್ಲ. ಪಟ್ಟೆ ಮೂಡದ ತಲೆಗಾಗಿ ಹಿಂಡನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಒಂದೂ ಸಿಗಲಿಲ್ಲ.

ಚಿಕ್ಕಪ್ಪನ ಕಡಲೆ ಆಮೇಲೆ ಯಾರೂ ಮುಟ್ಟದೆ ಸೊಂಪಾಗಿ ಬೆಳೆಯಿತು. ಒಂದು ಸಂಜೆ ಹೋದಾಗ ಅವನು ಅಭ್ಯಾಸದ ಮೇಲೆ ಬದುವಿನ ಮೇಲೆ ಕೂತಿದ್ದ. ಡಬ್ಬ ಪಕ್ಕದಲ್ಲಿ ಬೋರಲಾಗಿತ್ತು. “ಕಳ್ರು ಬರ್ಲಿಲ್ವಲ್ಲವ್ವ” ಎಂದ. ನಾನು ಅವನ ಪಕ್ಕದಲ್ಲಿ ಕೂತೆ. “ಬಂದ್ರೆ ಒಂದೀಟು ತಿನ್ಕಂಡ್ ಹೋಗ್ಲಿ, ಬಡಿಯಲ್ಲ” ಎಂದು ತಾನೇ ಹೇಳಿಕೊಂಡ. ಕತ್ತಲಾಗುವವರೆಗೆ ಇಬ್ಬರೂ ಆಕಾಶ ನೋಡುತ್ತಾ ಕೂತಿದ್ದು ಮನೆಗೆ ಬಂದೆವು.

ಕೆಲವು ದಿನದ ಮೇಲೆ ಔಷಧಿ ಅಂಗಡಿಯವರಿಂದ ಒಂದು ಫೋಟೋ ಬಂತು. ನನಗೊಬ್ಬಳಿಗೇ ಕಳಿಸಿದ್ದರು. “ಇದು ಪೂರ್ತಿ ಫೋಟೋ ಮೇಡಂ. ಗುಂಪಿಗೆ ಹಾಕುವಾಗ ಕೆಳಗಿನದು ತೆಗೆದಿದ್ದೆ. ನಿಮ್ಮ ಚಿಕ್ಕಪ್ಪನವರೂ ಇದ್ದಾರೆ, ಅವರಿಗೆ ಕೊಡಿ, ಖುಷಿ ಪಡ್ತಾರೆ” ಎಂದಿತ್ತು. ಅದೇ ಮೂರು ಹಕ್ಕಿಗಳು. ಕೆಳಗೆ ಎಡಮೂಲೆಯಲ್ಲಿ, ನೀರಿನಲ್ಲಿ ನಿಂತ ಚಿಕ್ಕಪ್ಪ. ಕೋಲು ಎತ್ತಿದೆ, ಡಬ್ಬ ಎದೆಯ ಮೇಲಿದೆ, ಮುಖ ಮೇಲಕ್ಕೆ ತಿರುಗಿದೆ. ನೆಂಟರಿಗೆ ಎಲೆ ತುಂಬ ಬಡಿಸಿದವನ ಹಾಗೆ ನಗುತ್ತಿದ್ದಾನೆ.

ಫೋಟೋ ಬಂದಿದೆ ಎಂದು ಚಿಕ್ಕಪ್ಪನಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರೇ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಸಂತೆಗೆ ಬಂದವನು ಸ್ಟುಡಿಯೋಗೆ ಬಂದ. ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಪ್ರಿಂಟು ತೆಗೆದಿದ್ದೆ. ಕನ್ನಡಕ ಹಾಕಿಕೊಂಡು, ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ.

“ಇದೇ ಏನವ್ವ, ಅವ್ರು ಬೇರೆ ಜಾತಿ ಅಂದಿದ್ದು?”

“ಹೂಂ ಚಿಕ್ಕಪ್ಪ. ಮರಿ ಅದು.”

“ಮರೀನಾ?” ಎಂದ. ಬೆರಳಿನಿಂದ ಅದರ ತಲೆ ಮುಟ್ಟಿದ. ಆಮೇಲೆ ಬೆರಳು ಕೆಳಗೆ ಇಳಿದು ತನ್ನ ಮೇಲೆ, ತನ್ನ ಕಾಲಬುಡದ ನೀರಿನ ಮೇಲೆ ನಿಂತಿತು. “ಗೋಡೆಗೆ ಹಾಕಿದ್ರೆ ಬಂದೋರೆಲ್ಲ ನೋಡ್ತಾರಲ್ಲವ್ವ. ನಾನ್ ನೀರಾಗ್ ನಿಂತ್ಕಂಡಿರೋದು ಕಾಣ್ತದೆ.” ಪ್ರಿಂಟನ್ನು ನನ್ನ ಕಡೆ ತಳ್ಳಿ, “ನನ್ನ ಕತ್ತರ್ಸಿ ಹಾಕು. ಅವ್ ಮೂರು ಇರ್ಲಿ” ಎಂದ.

ಬೇಡ ಚಿಕ್ಕಪ್ಪ, ನೀನೇನು ಮಾಡಿದೆ ಎಂದೆ. ಅವನು ಕೇಳಲಿಲ್ಲ. ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕಟರಿನ ಕೆಳಗೆ ಪ್ರಿಂಟು ಇಟ್ಟು, ಹಿಡಿ ಒತ್ತಿದೆ. ಅವನು ಮೇಲಿನ ಭಾಗವನ್ನು ಪೇಪರಿನಲ್ಲಿ ಸುತ್ತಿಸಿಕೊಂಡು, ಸಂತೆಯ ಚೀಲದಲ್ಲಿ ಮಡಚದಂತೆ ಇಟ್ಟುಕೊಂಡು ಬಸ್ಸಿಗೆ ಹೋದ. ಕೆಳಗಿನ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬಿಸಾಡಲು ಕೈ ಬಂದಿಲ್ಲ. ಅವತ್ತು ಕೆರೆಯ ಹತ್ತಿರ ಇದ್ದ ಅಷ್ಟೂ ಜನರಲ್ಲಿ ನಾಚಿಕೆ ಆದದ್ದು ಇವನೊಬ್ಬನಿಗೆ. ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ.